ನೇಲಿದಾಳ ಹೆಸರಿನ ಹಕ್ಕಿ

ಲಿಮಾದ ಹಕ್ಕಿ ಪಂಡಿತ ಲಿಸಾರ್ದೊ ನನ್ನ ಮಗಳು ನೇಲಿದಾಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ನಮ್ಮ ಕಣಿವೆಯಲ್ಲಿ ಒಡಹುಟ್ಟಿದವನ ಮೇಲೆ ಅನುಮಾನಪಟ್ಟರೂ ನಡೆದೀತು, ಕೊಂಪಾದ್ರೆಯ ಮಾತನ್ನು ಪರೀಕ್ಷೆ ಮಾಡುವ ಹಾಗಿಲ್ಲ. ನಾನೂ ಮಾಡಲಿಲ್ಲ, ಪೆದ್ದಿ.

ನಮ್ಮ ಕಾಫಿ ಗಿಡಗಳ ಕೆಳಗೆ, ತೊರೆಯ ಪೊದೆಯಲ್ಲಿ ಒಂದು ಜೋಡಿ ಹಕ್ಕಿಗಳಿದ್ದವು. ಮುಷ್ಟಿಯಲ್ಲಿ ಅಡಗುವಷ್ಟು ಗಾತ್ರ, ಕಂದು ಬಣ್ಣ. ಗಂಡು ಹಾಡು ಎತ್ತಿದರೆ ಹೆಣ್ಣು ಮುಗಿಸುತ್ತಿತ್ತು. ಹೆಣ್ಣಿನ ಪಾಲನ್ನು ನಾನು ಶಿಳ್ಳೆಯಲ್ಲಿ ಹಾಕಿದರೆ ಗಂಡು ನನ್ನ ಕಾಲ ಬಳಿಗೇ ಬಂದು ಹುಡುಕುತ್ತಿತ್ತು. ಅದನ್ನು ನೋಡಿ ಲಿಸಾರ್ದೊ ಕುಣಿದಾಡಿಬಿಟ್ಟ.

"ಕೊಮಾದ್ರೆ, ಆಚೆ ಕಣಿವೆ ಹಕ್ಕೀನೂ ಇದೂ ಒಂದೇ ಅಂತ ಪುಸ್ತಕದಲ್ಲಿ ಬರ್ದಿದಾರೆ. ಶುದ್ಧ ಸುಳ್ಳು! ಹಾಡೇ ಬೇರೆ. ಇದು ಬೇರೆ ಜಾತಿ, ಇದಕ್ಕಿನ್ನೂ ಹೆಸರೇ ಇಲ್ಲ. ಒಂದ್ಸಲ ಬಲೆ ಹತ್ರ ಕರೀರಿ."

"ಕೊಲ್ಲಲ್ಲ ತಾನೆ?"

"ಛೆ! ಅಳತೆ, ಎರಡು ಪುಕ್ಕ, ಒಂದು ಹನಿ ರಕ್ತ, ಅಷ್ಟೇ. ನೇಲಿದಾ ಮೇಲಾಣೆ, ಬಿಟ್ಬಿಡ್ತೀನಿ."

ಮರುದಿನ ಬೆಳಗಾಗುತ್ತಲೇ ಶಿಳ್ಳೆ ಹಾಕಿದೆ. ಗಂಡು ನೇರ ಬಂದು ಬಲೆಗೆ ಬಿತ್ತು. ಅವನು ಅದನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, "ನೀವು ಹೋಗಿ ಕಾಫಿ ಕಾಯಿಸಿ, ಬಂದೆ" ಎಂದ. ಮರಗೆಣಸು ಬೇಯುವಷ್ಟರಲ್ಲಿ ಬಂದು, "ಹಾರಿಹೋಯ್ತು" ಎಂದು ಖಾಲಿ ಚೀಲ ಕೊಡವಿ ತೋರಿಸಿದ. ನಾನು ನಂಬಿ ಅವನ ತಟ್ಟೆಗೆ ಇನ್ನೆರಡು ಹೋಳು ಹಾಕಿದೆ.

ಆಮೇಲೆ ತೊರೆಯಲ್ಲಿ ಹೆಣ್ಣಿನ ದನಿಯೊಂದೇ ಕೇಳುತ್ತಿತ್ತು. ಗಂಡು ಬಲೆಗೆ ಹೆದರಿ ಗುಡ್ಡ ಹತ್ತಿರಬೇಕು ಎಂದುಕೊಂಡೆ.

ಎರಡು ವರ್ಷ ಕಳೆದು ಲಿಸಾರ್ದೊ ಒಂದು ವಿಜ್ಞಾನ ಪತ್ರಿಕೆ ಹಿಡಿದು ಬಂದ. ಹೊಸ ಜಾತಿ ಎಂದು ಒಪ್ಪಿಗೆಯಾಗಿತ್ತು. ಅದಕ್ಕಿಟ್ಟ ಲ್ಯಾಟಿನ್ ಹೆಸರಿನಲ್ಲಿ ನೇಲಿದಾ ಇದ್ದಳು.

"ಭೂಮಿ ಇರೋವರೆಗೂ ನಿನ್ನ ಹೆಸರು ಇರುತ್ತೆ, ಮರೀ!"

ಒಂಬತ್ತು ವರ್ಷದ ನೇಲಿದಾ ಹಿಗ್ಗಿ ಪುಟ ತಿರುವಿದಳು. ಚಿತ್ರದಲ್ಲಿ ನಮ್ಮ ಗಂಡು ಹಕ್ಕಿ ಅಂಗಾತ ಬಿದ್ದಿತ್ತು. ಕಣ್ಣಿದ್ದ ಕಡೆ ಹತ್ತಿ ತುರುಕಿದ್ದರು. ಕಾಲಿಗೆ ಕಟ್ಟಿದ ಚೀಟಿಯಲ್ಲಿ ನನ್ನ ಮಗಳ ಹೆಸರಿತ್ತು.

"ಒಂದನ್ನಾದ್ರೂ ಕೊಂದು ಇಡದಿದ್ರೆ ಯಾರೂ ಒಪ್ಪಲ್ಲ, ಕೊಮಾದ್ರೆ. ಮೊದಲೇ ಹೇಳಿದ್ರೆ ನೀವು ಶಿಳ್ಳೆ ಹಾಕ್ತಿರಲಿಲ್ಲ."

"ಹಾಕ್ತಿರಲಿಲ್ಲ! ನನ್ನ ಮಗು ಮೇಲೆ ಆಣೆ ಇಟ್ಟು ಸುಳ್ಳು ಹೇಳೋಕೆ ನಾಚಿಕೆ ಆಗ್ಲಿಲ್ವಾ? ಏಳ್ರಿ ಮೇಲೆ. ಇನ್ನೊಂದ್ಸಲ ಕೊಮಾದ್ರೆ ಅಂದೀರಿ, ಹುಷಾರ್!"

ಅವನನ್ನು ಹೊಸ್ತಿಲು ದಾಟಿಸಿ ಬಂದರೆ ನೇಲಿದಾ ಇನ್ನೂ ಆ ಪುಟವನ್ನೇ ನೋಡುತ್ತಿದ್ದಳು.

"ಅಮ್ಮಾ, ನೀನು ಕರೆದೆ ಅಂತ ತಾನೆ ಅದು ಬಂದಿದ್ದು?"