ನೋಟಿಸಿನಲ್ಲಿಲ್ಲದ ಪ್ರಶ್ನೆ

“ಇನ್ನೇನಾದ್ರೂ ಹೇಳೋದಿದೆಯಾ?” ಎಂದು ವಿಚಾರಣಾಧಿಕಾರಿ ಮತ್ತೆ ಕೇಳಿದಾಗ ಸ್ಟೆನೋ ತಲೆಯೆತ್ತಿ ನೋಡಿದಳು. ಎದುರಿಗೆ ಕೂತಿದ್ದ ಷೇರು ಬ್ರೋಕರ್ ಹೇಳುವುದನ್ನೆಲ್ಲ ಹೇಳಿ ಮುಗಿಸಿ ನೀರು ಕುಡಿಯುತ್ತಿದ್ದ. ಅವನ ತಲೆಗೂದಲು ಇನ್ನೂ ದಟ್ಟವಾಗಿತ್ತು. ಅಧಿಕಾರಿಗೆ ಹೊಟ್ಟೆ ಉರಿಯಿತು.

ಗಿರಾಕಿಗಳ ಷೇರುಗಳನ್ನು ಅವರಿಗೆ ಹೇಳದೆ ಅಡವಿಟ್ಟನೆಂಬುದು ಆರೋಪ. ಲೈಸೆನ್ಸನ್ನು ಮೊದಲು ಅಮಾನತು ಮಾಡಿ, ವಿಚಾರಣೆ ಆಮೇಲೆ ನಡೆಸಲು ನಿಯಮದಲ್ಲಿ ಅವಕಾಶವಿತ್ತು. ಅಧಿಕಾರಿ ಒಪ್ಪಲಿಲ್ಲ. ನೋಟಿಸು ಕೊಟ್ಟು, ಮಾತು ಕೇಳಿಯೇ ಆದೇಶ ಎಂದು ಪಟ್ಟುಹಿಡಿದ. ನ್ಯಾಯವಂತ ಎಂದು ಕಚೇರಿ ಕೊಂಡಾಡಿತು. ಹಿಂದೆ ತನ್ನ ಹೆಂಡತಿಯೊಂದಿಗೆ ಮದುವೆ ನಿಶ್ಚಯವಾಗಿ ಅವಳನ್ನು ಕೈಬಿಟ್ಟಿದ್ದ ಈ ಬ್ರೋಕರನ ಮುಖ ಅಧಿಕಾರಿಗೆ ಒಮ್ಮೆ ನೋಡಬೇಕಿತ್ತು, ಅಷ್ಟೆ. ಈ ವಿಷಯ ಕಚೇರಿಯಲ್ಲಿ ಬಾಯಿಬಿಟ್ಟಿದ್ದರೆ ವಿಚಾರಣೆ ಬೇರೆಯವರ ಪಾಲಾಗುತ್ತಿತ್ತು.

ಹೆಂಡತಿಯ ಮುಖ ಹೇಗಾಗುತ್ತದೆ ನೋಡೋಣವೆಂದು ಬೆಳಿಗ್ಗೆ ಅವಳೆದುರು ಬ್ರೋಕರನ ಹೆಸರು ಹೇಳಿದ್ದ. ಅವಳು ಬಾಗಿಲ ತನಕ ಬಂದಳು. “ಅವರು ಹೇಳೋದನ್ನ ಪೂರ್ತಿ ಕೇಳಿ. ಮಧ್ಯೆ ಬಾಯಿ ಹಾಕ್ಬೇಡಿ.” ಇಷ್ಟು ವರ್ಷದ ಸಂಸಾರದಲ್ಲಿ ತನ್ನ ಮಾತನ್ನು ಅವಳು ಹಾಗೆ ಪೂರ್ತಿ ಕೇಳಿದ ನೆನಪು ಅವನಿಗಿರಲಿಲ್ಲ.

“ಹಿಂದೆ ನಿಮಗೊಂದು ಮದುವೆ ಗೊತ್ತಾಗಿತ್ತಲ್ಲ. ಯಾಕೆ ಮುರ್ಕೊಂಡ್ರಿ?” ಎಂದು ಅಧಿಕಾರಿ ಬ್ರೋಕರನನ್ನು ಕೇಳಿದ.

ಬ್ರೋಕರನ ವಕೀಲ ಎದ್ದುನಿಂತ. “ಸಾರ್, ಇದು ನೋಟಿಸಲ್ಲಿಲ್ಲ. ನೋಟಿಸಲ್ಲಿ ಇಲ್ಲದ್ದಕ್ಕೆ ಇವರು ಉತ್ತರ ಕೊಡಬೇಕಾಗಿಲ್ಲ.”

“ನಂಬಿಸಿ ಕೈಕೊಡೋ ಸ್ವಭಾವ ಮೊದಲಿಂದ ಇದೆಯಾ ಅಂತ ಕೇಳ್ದೆ,” ಎಂದ ಅಧಿಕಾರಿ.

“ಇರ್ಲಿ ಬಿಡಿ,” ಎಂದು ಬ್ರೋಕರ್ ವಕೀಲನ ತೋಳು ಮುಟ್ಟಿದ. ಹುಬ್ಬು ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದ. “ಆಗ ಮನೇವ್ರು ಒಂದೆರಡು ಕಡೆ ಮಾತಾಡಿದ್ರು. ನೀವು ಯಾರ ವಿಷಯ ಕೇಳ್ತಿದೀರಾ ಸಾರ್?”

ನಾಟಕವಲ್ಲ. ಸುಳ್ಳರನ್ನು ದಿನಾ ನೋಡುವ ಅಧಿಕಾರಿಗೆ ಅಷ್ಟು ತಿಳಿಯಿತು.

“ಆ ಪ್ರಶ್ನೆ ತೆಗೆದ್ಬಿಡಿ,” ಎಂದು ಸ್ಟೆನೋಗೆ ಹೇಳಿದ. ವಿಚಾರಣೆ ಮುಗಿಯಿತು, ಎಲ್ಲರೂ ಎದ್ದುಹೋದರು. ಲೈಸೆನ್ಸ್ ಉಳಿಸುವುದೋ ಕಿತ್ತುಕೊಳ್ಳುವುದೋ ಇನ್ನು ಅವನ ಕೈಯಲ್ಲಿತ್ತು. ಕಿತ್ತುಕೊಂಡರೆ ಹೊಟ್ಟೆಕಿಚ್ಚಿನ ಕೆಲಸ, ಉಳಿಸಿದರೆ ಹೊಟ್ಟೆಕಿಚ್ಚನ್ನು ಮುಚ್ಚಿಡುವ ಕೆಲಸ ಎನಿಸಿತು.

ಹೆಂಡತಿಯ ಫೋನ್ ಬಂತು.

“ಕೇಳಿದ್ರಾ?”

“ಕೇಳ್ದೆ.”

“ನನ್ನ ವಿಷಯ ಏನಾದ್ರೂ...”

ಅವನಿಗೆ ನಿನ್ನ ನೆನಪೇ ಇಲ್ಲ ಎಂದು ಇದ್ದದ್ದು ಹೇಳಿದರೆ ತಾನು ಗೆದ್ದಂತೆ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆ ಕಡೆ ಅವಳು ಕಾಯುತ್ತಿದ್ದಳು.

“ಚೆನ್ನಾಗಿದಾರಾ ಅಂತ ಕೇಳಿದ್ರು,” ಎಂದ.

ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. ಅಂಥ ನಗು ಅವನ ಮನೆಯಲ್ಲಿ ಎಂದೂ ಕೇಳಿಸಿರಲಿಲ್ಲ.

“ನೀವೇನಂದ್ರಿ?”

ಅವನು ಮೇಜಿನ ಮೇಲಿದ್ದ ನೋಟಿಸನ್ನು ಎಳೆದುಕೊಂಡು ನೋಡಿದ. ಎದುರಿನ ಖಾಲಿ ಕುರ್ಚಿಯ ಮುಂದೆ ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.