ಅರ್ಜಿಯ ಕೊನೆಯ ಸಾಲು

ನ್ಯಾಯಾಧೀಶರು ಆಗಲೇ ಮುಂದಿನ ಕಡತಕ್ಕೆ ಕೈ ಚಾಚಿದ್ದರು. ವಕೀಲೆ ಮಾತ್ರ ಇನ್ನೂ ನಿಂತೇ ಇದ್ದಳು.

"ಮುಗೀತಲ್ಲ ಮೇಡಂ, ಇನ್ನೇನು?" ಎಂದು ಕೋರ್ಟಿನ ಗುಮಾಸ್ತ ಪಿಸುಗುಟ್ಟಿದ.

ಬಣ್ಣದ ಕಾರ್ಖಾನೆಯ ಹೊಲಸು ನೀರು ಕಾಲುವೆಗೆ ಬೀಳುವುದನ್ನು ನಿಲ್ಲಿಸಿ ಎಂದು ಅವಳು ಕೇಳಿದ್ದಳು. ನೀರು ಶುದ್ಧ ಮಾಡುವ ಯಂತ್ರ ಹಾಕಲು ಕಾರ್ಖಾನೆಗೆ ಒಂದು ವರ್ಷ ಸಿಕ್ಕಿತು. ಅಲ್ಲಿಯವರೆಗೆ ವಿಷದ ಪಕ್ಕ ಜನ ಬದುಕುವುದು ಅಪಾಯ, ಆದ್ದರಿಂದ ಕಾಲುವೆ ದಂಡೆಯ ಮನೆಗಳನ್ನೆಲ್ಲ ತಿಂಗಳೊಳಗೆ ತೆರವು ಮಾಡಿ ಕೆಡವಬೇಕು ಎಂದೂ ಆದೇಶವಾಯಿತು.

"ನಾನು ಇದನ್ನು ಕೇಳಿಲ್ಲ, ಸ್ವಾಮಿ."

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಕೇಳಿದ್ದೀರಲ್ಲ. ನಿಮ್ಮ ಅರ್ಜಿಯ ಕೊನೆಯ ಸಾಲು ನೋಡಿ."

ನೋಡುವ ಅಗತ್ಯವಿರಲಿಲ್ಲ. 'ನ್ಯಾಯಾಲಯಕ್ಕೆ ಸೂಕ್ತವೆಂದು ಕಂಡ ಇನ್ನಾವುದೇ ಆದೇಶವನ್ನೂ ನೀಡಬೇಕೆಂದು ಪ್ರಾರ್ಥನೆ.' ಎಲ್ಲ ಅರ್ಜಿಗಳ ಬಾಲದಲ್ಲೂ ಇರುವ ಸಾಲು. ಪತ್ರದ ಕೊನೆಗೆ 'ಇಂತಿ' ಎಂದು ಬರೆದಷ್ಟೇ ಸಲೀಸಾಗಿ ಟೈಪ್ ಮಾಡಿದ್ದಳು. ಹಿಂದೆ ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದಾಗಲೂ ಎಷ್ಟೋ ಸಲ ಬರೆದಿದ್ದಳು. ಆಗ ಅದರಿಂದ ಯಾರ ಗೋಡೆಯೂ ಬಿದ್ದಿರಲಿಲ್ಲ.

ಆ ಕೆಲಸ ಬಿಟ್ಟು ಜನರ ಮೊಕದ್ದಮೆಗಳನ್ನೇ ನಡೆಸುತ್ತೇನೆ ಎಂದಾಗ ಅಮ್ಮ ಕೇಳಿದ್ದಳು: "ಈ ವಯಸ್ಸಲ್ಲಿ ಊರ ಉಸಾಬರಿ ಬೇಕಿತ್ತೇನೇ ನಿಂಗೆ? ಅವರೇನು ನಿನ್ನ ಕರೆದಿದ್ರಾ?"

ಕರೆದಿರಲಿಲ್ಲ. ಅವಳೇ ದಂಡೆಯ ಮನೆಮನೆಗೂ ಅಲೆದಿದ್ದಳು. ಒಳಗೆ ಕರೆದು ಕೂರಿಸಿದವಳು ಅಲ್ಲಿ ಬಟ್ಟೆ ಹೊಲಿಯುವ ಟೈಲರಕ್ಕ ಒಬ್ಬಳೇ. "ನನ್ನ ಹೆಸರಲ್ಲೇ ಹಾಕಿ ಕೇಸು. ಹೆದರ್ಕೊಂಡು ಕೂತ್ರೆ ನಾತ ಕಡಿಮೆ ಆಗತ್ತಾ?"

ವಕೀಲೆ ಹೊರಗೆ ಬಂದದ್ದೇ ಆ ಟೈಲರಕ್ಕ ಬೆಂಚಿನಿಂದ ದಡಕ್ಕನೆ ಎದ್ದಳು.

"ಗೆದ್ವಾ? ಯಾಕ್ರೀ ಮುಖ ಹೀಗೆ? ಅಯ್ಯೋ, ತೋಳು ನೋಡ್ಕೊಂಡ್ರಾ! ಜಡ್ಜ್ ಮುಂದೆ ಹೀಗೇ ನಿಂತಿದ್ರಾ? ಜೊತೇಲಿ ಟೈಲರ್ ಇಟ್ಕೊಂಡು! ನನ್ನ ಮಾನ ಕಳೆದ್ರಿ."

ಕಪ್ಪು ಕೋಟಿನ ತೋಳು ಭುಜದ ಹತ್ತಿರ ಬಿಚ್ಚಿಕೊಂಡಿತ್ತು. ಟೈಲರಕ್ಕ ಚೀಲದಿಂದ ಸೂಜಿ ದಾರ ತೆಗೆದಳು. "ಅಲ್ಲಾಡ್ಬೇಡಿ."

"ಅಕ್ಕ, ಕಾರ್ಖಾನೆಗೆ ಒಂದು ವರ್ಷ ಟೈಮ್ ಕೊಟ್ರು."

"ಕೊಡ್ಲಿ ಬಿಡಿ. ಆಮೇಲಾದ್ರೂ ನಿಲ್ಲತ್ತಲ್ಲ."

"ನಿಮ್ಮ ಮನೆಗಳನ್ನ ತಿಂಗಳೊಳಗೆ ಖಾಲಿ ಮಾಡಿಸಿ, ಕೆಡವ್ಬೇಕು ಅಂದ್ರು."

ಸೂಜಿ ನಿಂತಿತು. "ನಮ್ಮನ್ನಾ?" ಟೈಲರಕ್ಕ ಅವಳ ಮುಖ ನೋಡಿದಳು. "ಕಾರ್ಖಾನೆಯೋರು ಕೇಳ್ಕೊಂಡ್ರಾ?"

ಹೌದು ಎಂದುಬಿಡಬಹುದಿತ್ತು. ಟೈಲರಕ್ಕ ನಂಬುತ್ತಿದ್ದಳು, ಮನೆಯಲ್ಲಿ ಅಮ್ಮನೂ ನಂಬುತ್ತಿದ್ದಳು.

"ಇಲ್ಲ ಅಕ್ಕ. ಅರ್ಜಿ ಕೊನೇಲಿ ನಾನೇ ಬರೆದಿದ್ದೆ, ನಿಮಗೆ ಸರಿ ಅನಿಸಿದ ಬೇರೆ ಏನಾದ್ರೂ ಮಾಡಿ ಅಂತ. ಎಲ್ಲದರಲ್ಲೂ ಬರೀತೀವಿ, ಅಭ್ಯಾಸ. ಅದನ್ನೇ ಹಿಡ್ಕೊಂಡ್ರು. ನಾನು ನಾಳೇನೇ ಮೇಲಿನ ಕೋರ್ಟಿಗೆ..."

"ಅರ್ಜಿ ನನ್ನ ಹೆಸರಲ್ಲಿ ಅಲ್ವಾ ಇರೋದು?"

"ಹೌದು."

"ಅಂದ್ರೆ, ಎಲ್ಲರ ಮನೇನೂ ಕೆಡವಿ ಅಂತ ನಾನು ಕೇಳಿದ ಹಾಗೆ."

ಟೈಲರಕ್ಕ ಬೆಂಚಿನ ಮೇಲೆ ಕುಸಿದು ಕುಳಿತು ತನ್ನ ಅಂಗೈಗಳನ್ನು ನೋಡತೊಡಗಿದಳು. ಒಳಗೆ ಬೇರೆ ಯಾರದೋ ಹೆಸರು ಕೂಗಿದರು. ಅರ್ಧ ಹೊಲಿದ ಭುಜದಿಂದ ಇಳಿಬಿದ್ದ ದಾರದ ತುದಿಯಲ್ಲಿ ಸೂಜಿ ತೂಗುತ್ತಿತ್ತು. ವಕೀಲೆ ತೋಳನ್ನು ಹಾಗೆಯೇ ಎತ್ತಿ ಹಿಡಿದು, ಅಲ್ಲಾಡದೆ ನಿಂತಳು.