ಹಿಂದಕ್ಕೆ ಎನ್ನುವ ಕೈ

ಆ ಭಾನುವಾರದ ಬೇಟೆನಾಯಿಗಳ ಪರೀಕ್ಷೆಯಲ್ಲಿ ಮಿಂಕ್ ಮತ್ತೆ ಬಲಕ್ಕೆ ಹೋಯಿತು. ಸತ್ತ ಬಾತು ಇದ್ದದ್ದು ನೇರ ಎದುರಿಗೆ, ಕಾಲುವೆಯಾಚೆಯ ದಂಡೆಯ ಹುಲ್ಲಿನಲ್ಲಿ. ನಿಂತವರಿಗೆಲ್ಲ ಗೊತ್ತಿತ್ತು, ನಾಯಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿರಬಾರದು, ಪರೀಕ್ಷೆಯೇ ಅದು.

ಮೊದಲ ದರ್ಜೆಯಲ್ಲಿ ನಾಯಿ ತಾನು ಕಣ್ಣಾರೆ ಬೀಳುವುದನ್ನು ಕಂಡ ಬಾತನ್ನು ತಂದರೆ ಸಾಕು. ಎರಡನೆಯ ದರ್ಜೆಗೆ ಬಂದಮೇಲೆ ಕಾಣದ್ದನ್ನೂ ತರಬೇಕು. ಯಜಮಾನ ತೋರಿದ ದಿಕ್ಕಿಗೆ ಓಡಬೇಕು. ದಾರಿ ತಪ್ಪಿದರೆ ಅವನು ಸೀಟಿ ಊದುತ್ತಾನೆ. ಆಗ ಇದ್ದಲ್ಲೇ ಕೂತು, ತಿರುಗಿ ಅವನ ಕೈ ನೋಡಬೇಕು. ಕೈ ತಲೆಯ ಮೇಲೆ ನೆಟ್ಟಗೆ ಎದ್ದರೆ ಇನ್ನೂ ಹಿಂದಕ್ಕೆ, ಅಂದರೆ ಅವನಿಂದ ನೇರ ಇನ್ನೂ ದೂರಕ್ಕೆ, ಹೋಗು ಎಂದು. ಪಕ್ಕಕ್ಕೆ ಚಾಚಿದರೆ ಆ ಪಕ್ಕಕ್ಕೆ. ನಮ್ಮ ಜೌಗಿನ ಗಾಳಿಯಲ್ಲಿ ಅಷ್ಟು ದೂರ ಕೂಗು ಮುಟ್ಟುವುದಿಲ್ಲ. ಅಲ್ಲಿ ಕೈಯೇ ಮಾತು.

ಮಿಂಕಿನ ಯಜಮಾನ ನಾರಿಸ್ ಮೀಕಿನ್ಸ್ ಸೀಟಿ ಊದಿದ. ಮಿಂಕ್ ನೀರಂಚಿನಲ್ಲಿ ತಟ್ಟನೆ ಕೂತು ತಿರುಗಿ ನೋಡಿತು. ಅಷ್ಟು ಚೆಂದ ಕೂರುವ ನಾಯಿ ಈ ಕೊಲ್ಲಿಯ ದಡದಲ್ಲಿ ಇನ್ನೊಂದಿರಲಿಲ್ಲ. ನಾರಿಸ್ ಬಲಗೈ ಎತ್ತಿ "ಹಿಂದಕ್ಕೆ!" ಎಂದ. ಕೈ ಭುಜದ ಮಟ್ಟಕ್ಕೆ ಬಂದು, ಪಕ್ಕಕ್ಕೆ ಚಾಚಿಕೊಂಡು, ಅಲ್ಲೇ ನಿಂತಿತು. ನಾಯಿ ಬಲಕ್ಕೆ ಓಡಿತು. ಮತ್ತೆ ಸೀಟಿ, ಮತ್ತೆ ಅದೇ ಕೈ. ನಾಯಿ ಇನ್ನಷ್ಟು ಬಲಕ್ಕೆ ಹೋಗಿ ಆಪುಹುಲ್ಲಿನ ಮರೆಗೆ ಸೇರಿತು.

"ನಾರಿಸ್, ಅದು ವರ್ಜೀನಿಯಾಕ್ಕೆ ಹೊರಟಿದೆ ಕಣೋ! ಬಾತು ಸತ್ತಿರೋದು ಮೇರಿಲ್ಯಾಂಡಲ್ಲಿ!" ಎಂದು ಬೇರೆ ಊರಿನವನೊಬ್ಬ ಹಿಂದಿನಿಂದ ಕೂಗಿದ. ನಮ್ಮವರು ಯಾರೂ ನಗಲಿಲ್ಲ.

ತೀರ್ಪುಗಾರ್ತಿ ನಮ್ಮ ಮಕ್ಕಳ ವಯಸ್ಸಿನವಳು. ಮೆಲ್ಲಗೆ, "ಕರ್ಕೊಳ್ಳಿ ಯಜಮಾನ್ರೇ, ಇವತ್ತಿಗೆ ಸಾಕು. ನಾಯಿ ಕೈ ಮಾತು ಕೇಳ್ತಿಲ್ಲ," ಎಂದಳು.

ನಾಯಿ ಕೈಮಾತನ್ನೇ ಕೇಳುತ್ತಿತ್ತು, ಅಕ್ಷರಶಃ ಕೇಳುತ್ತಿತ್ತು.

ಹಿಂದಿನ ಚಳಿಗಾಲದಲ್ಲಿ ನಾರಿಸನಿಗೆ ಲಕ್ವ ಹೊಡೆದಿತ್ತು. ಮಾತು ಮರಳಿತು, ನಡಿಗೆ ಮರಳಿತು. ಬಲಗೈ ಭುಜದ ಮಟ್ಟದ ತನಕ ಮಾತ್ರ ಮರಳಿತು. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಕೈ ಆಕಾಶಕ್ಕೆ ಎದ್ದಿದೆ ಎಂದೇ ಅವನ ತಲೆ ಅವನಿಗೆ ಹೇಳುತ್ತಿತ್ತು. ಇಂಥದ್ದು ಆಗುವುದುಂಟು ಎಂದು ಡಾಕ್ಟರು ಅವನ ಹೆಂಡತಿ ಡ್ರೂಸಿಗೆ ಹೇಳಿದ್ದರಂತೆ. ಅವಳು ನಮ್ಮ ಬಳಿ ಬಂದು, "ಕೈ ವಿಷಯ ಅವನ ಹತ್ರ ಆಡ್ಬೇಡ್ರೋ, ನಾಯಿ ಇದೆ ಅಂತ ಬೆಳಿಗ್ಗೆ ಹಾಸಿಗೆಯಿಂದ ಏಳ್ತಾನೆ," ಎಂದಿದ್ದಳು. ಕೇಳದ ಹೊರತು ಇನ್ನೊಬ್ಬನ ನಾಯಿಯ ವಿಷಯಕ್ಕೆ ಬಾಯಿ ಹಾಕಬಾರದೆನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಮರ್ಯಾದೆ. ಅವನು ಯಾರನ್ನೂ ಕೇಳಲಿಲ್ಲ. ಬೇಸಿಗೆಯೆಲ್ಲ ನಾವು ಅವನ ಜೊತೆ ಹೊಲದಲ್ಲಿ ಬಾತಿನ ಬದಲು ಅಭ್ಯಾಸಕ್ಕೆ ಬಳಸುವ ಡಮ್ಮಿ ಎಸೆದೆವು, ನಾಯಿ ಬಲಕ್ಕೆ ಹೋಗುವುದನ್ನು ನೋಡಿದೆವು, ಟೋಪಿ ಸರಿಮಾಡಿಕೊಂಡೆವು.

ಅವತ್ತು ಅವನು ನಾಯಿಯನ್ನು ಕರೆತಂದು ಟ್ರಕ್ಕಿನ ಹಿಂಬಾಗಿಲ ಮೇಲೆ ಕೂತ. ಡ್ರೂಸಿ ಹಂದಿಮಾಂಸ ಇಟ್ಟ ಬನ್ನು ಬಿಚ್ಚಿ ಕೊಟ್ಟಳು. ತಿನ್ನಲಿಲ್ಲ.

"ಬರ್ಲಿ," ಎಂದು ನನ್ನ ಹೆಸರು ಹಿಡಿದು ಕರೆದ, "ಇದರ ತಲೆ ಕೆಟ್ಟಿದೆ. ಬೇಕಂತಲೇ ಮಾಡ್ತಿದೆ. ಪೆನ್ಸಿಲ್ವೇನಿಯಾದವನಿಗೆ ಫೋನ್ ಮಾಡಿದೀನಿ. ನಾಳೆ ಬಂದು ಒಯ್ತಾನೆ."

ಆ ಮನುಷ್ಯ ಯಾರೆಂದು ನಮಗೆಲ್ಲ ಗೊತ್ತು. ಹಟದ ನಾಯಿಗಳ ಕತ್ತಿಗೆ ಕರೆಂಟ್ ಪಟ್ಟಿ ಕಟ್ಟಿ ಬಗ್ಗಿಸುವವನು. ತಪ್ಪು ಮಾಡಿದ ನಾಯಿಗಾದರೆ ಪಟ್ಟಿಯ ಪೆಟ್ಟು ಯಾಕೆಂದು ತಿಳಿದೀತು. ಹೇಳಿದ ಹಾಗೆ ಕೇಳಿದ್ದಕ್ಕೇ ಪೆಟ್ಟು ತಿಂದರೆ ಅದು ಯಾರನ್ನು ನಂಬಬೇಕು?

ಡ್ರೂಸಿ ನನ್ನನ್ನು ನೋಡಿದಳು. ಬೇಡ ಎನ್ನುವ ಹಾಗೆ ನೋಡಿದಳೋ, ಹೇಳು ಎನ್ನುವ ಹಾಗೋ, ನನಗೆ ಇವತ್ತಿಗೂ ತಿಳಿಯದು.

"ನಾಯಿ ಸರಿಯಾಗೇ ಇದೆ ನಾರಿಸ್," ಎಂದೆ. "ನಿನ್ನ ಕೈ ಮೇಲಕ್ಕೆ ಹೋಗ್ತಿಲ್ಲ."

"ಏನಂದೆ?"

"ಭುಜಕ್ಕೆ ನಿಂತುಬಿಡುತ್ತೆ. ನೀನು ಹಿಂದಕ್ಕೆ ಅಂತೀಯ, ಅದಕ್ಕೆ ಕಾಣೋದು ಬಲಕ್ಕೆ ಅಂತ."

ಅವನು ನಕ್ಕ. "ಮುದುಕಾ, ನಿನಗೆ ಪೊರೆ ಬಂದಿದೆ. ಇಗೋ ನೋಡು." ಕೈ ಎತ್ತಿದ. "ಇದೇನು? ಮೋಡ ಮುಟ್ತಿದೆ ಕಣೋ!"

ಅವನ ಬೆರಳುಗಳು ಪಕ್ಕದ ಟ್ರಕ್ಕಿನ ಕನ್ನಡಿಯ ಕಡೆ ಚಾಚಿಕೊಂಡಿದ್ದವು.

"ಡ್ರೂಸಿ, ಹೇಳೇ ಇವನಿಗೆ."

ಡ್ರೂಸಿ ಬನ್ನಿನ ಕಾಗದವನ್ನು ಮಡಚುತ್ತಿದ್ದಳು. ಮಡಚಿದ್ದನ್ನೇ ಮತ್ತೆ ಮಡಚಿದಳು. ಅವನ ನಗು ನಿಂತಿತು.

"ಹಂಗಾದ್ರೆ ನೀನೇ ಕಳಿಸು," ಎಂದ ನನಗೆ.

ಟ್ರಕ್ಕುಗಳ ಹಿಂದೆ ಕೊಯ್ಲಾದ ಸೋಯಾ ಹೊಲವಿತ್ತು. ನಾಯಿಯನ್ನು ಕಾಣದ ಹಾಗೆ ಟ್ರಕ್ಕಿನೊಳಗೆ ಕೂಡಿಹಾಕಿ, ದೂರದ ಪೈನ್ ಮರಗಳ ಬುಡದಲ್ಲಿ ಡಮ್ಮಿ ಇಟ್ಟು ಬಂದೆ. ಆಗದೇ ಹೋಗಲಿ, ನನ್ನ ಮಾತೇ ಸುಳ್ಳಾಗಲಿ ಎಂದು ನಡೆಯುತ್ತ ಬೇಡಿಕೊಂಡೆ. ಮಿಂಕನ್ನು ಕಳಿಸಿದೆ. ನಡುದಾರಿಯಲ್ಲಿ ಸೀಟಿ ಊದಿದೆ. ಕೂತಿತು, ತಿರುಗಿತು. ನಾನು ಕೈ ನೆಟ್ಟಗೆ ಎತ್ತಿದೆ.

ನಾಯಿ ಗೆರೆ ಎಳೆದ ಹಾಗೆ ಹಿಂದಕ್ಕೆ ಹೋಯಿತು.

ಡಮ್ಮಿ ಕಚ್ಚಿಕೊಂಡು ಬಂದಿತು, ನನ್ನನ್ನು ದಾಟಿ ನಾರಿಸನ ಎಡಗಾಲ ಬಳಿ ಕೂತು ಮೂತಿ ಎತ್ತಿತು. ಅದಕ್ಕೆ ಯಜಮಾನ ಅವನೊಬ್ಬನೇ. ಅವನು ತೆಗೆದುಕೊಳ್ಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಅಂಗಡಿಯಲ್ಲಿ ಯಾರದೋ ಸಾಮಾನು ತಿರುವಿ ನೋಡುವ ಹಾಗೆ ನೋಡುತ್ತಿದ್ದ.

"ಎಲ್ಲರಿಗೂ ಗೊತ್ತಿತ್ತಾ?"

ನಮ್ಮವರು ಮತ್ತೆ ಟೋಪಿ ಸರಿಮಾಡಿಕೊಂಡರು.

"ಎಡಗೈ ಕಲಿಸೋಣ ಕಣೋ," ಎಂದೆ. "ಚಳಿ ಹಿಡಿಯೋದ್ರೊಳಗೆ ಕಲಿತುಬಿಡುತ್ತೆ. ಜಾಣ ನಾಯಿ."

"ನಾಯಿ ಕಲಿಯುತ್ತೆ ಕಣೋ ಬರ್ಲಿ. ಕೆಳಗಿರೋ ಕೈಯನ್ನ ಮೇಲಿದೆ ಅಂದ ತಲೆ ಇದು. ಇನ್ನೇನೇನು ಸುಳ್ಳು ಹೇಳ್ತಿದೆಯೋ? ಬಂದೂಕು ನೆಲಕ್ಕೆ ಹಿಡಿದಿದೀನಿ ಅಂತ ಅನ್ಕೊಂಡಿರ್ತೀನಿ, ನಳಿಗೆ ನಿನ್ನ ಕಡೆ ಇರುತ್ತೆ. ದೋಣೀಲಿ ದಡದ ಕಡೆ ಹೊರಟೆ ಅನ್ಕೋತೀನಿ..." ಬಲಗೈಯನ್ನು ಕೆಳಗೆ ಬಿಟ್ಟು, "ಪೆನ್ಸಿಲ್ವೇನಿಯಾದವನಿಗೆ ಬರಬೇಡ ಅಂದುಬಿಡು. ನಾಯೀನ ನೀನು ಒಯ್ಯಿ," ಎಂದ.

"ನಿನ್ನ ನಾಯಿ ಕಣೋ ಅದು."

"ನನ್ನದು ಅನ್ನೋದಾದ್ರೂ ನಿಜಾನಾ, ನೋಡಿ ಹೇಳು," ಎಂದ. ಅದು ತಮಾಷೆಯ ಮಾತಲ್ಲ. ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಿದ್ದ.

ಅಕ್ಟೋಬರಿನಲ್ಲಿ ಮಿಂಕ್ ನನ್ನ ಕೈಯಲ್ಲಿ ಆ ದರ್ಜೆ ಪಾಸಾಯಿತು. ಪಾಸಾದದ್ದಕ್ಕೆ ಕೊಟ್ಟ ಕಿತ್ತಳೆ ಬಣ್ಣದ ರಿಬ್ಬನ್ ಹಿಡಿದು, ಮಿಂಕನ್ನೂ ಕರೆದುಕೊಂಡು ನಾರಿಸನ ಮನೆಗೆ ಹೋದೆ. ಡ್ರೂಸಿ ಬಾಗಿಲಲ್ಲೇ ಇಸಿದುಕೊಂಡಳು. ಒಳಗಿನಿಂದ ನಾರಿಸನ ದನಿ ಬಂತು.

"ಬಲಕ್ಕೆ ಹೋಯ್ತಾ?"

"ಇಲ್ಲ. ನೇರ ಹೋಯ್ತು."

"ಸರಿ ಹಾಗಾದ್ರೆ."

ಅಷ್ಟೇ. ಹೊರಗೆ ಬರಲಿಲ್ಲ. ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ, ಎದ್ದರೂ ಕುರ್ಚಿ ಬಿಡುವುದಿಲ್ಲ, ಚಮಚವನ್ನೂ ಬಾಯಿಗೆ ಒಯ್ಯುವ ಮುಂಚೆ ಸರಿಯಿದೆಯಾ ಎಂದು ತನ್ನನ್ನು ಕೇಳುತ್ತಾನೆ ಎಂದು ಡ್ರೂಸಿ ಪಿಸುಗುಟ್ಟಿದಳು. ನಾರಿಸನ ದನಿ ಕೇಳಿದ ಕೂಡಲೇ ಮಿಂಕ್ ಮೆಟ್ಟಿಲ ಮೇಲೆ ಕೂತುಬಿಟ್ಟಿತ್ತು. ಎರಡು ಸಲ ಕರೆದೆ, ಸೀಟಿ ಊದಿದೆ, ಏಳಲಿಲ್ಲ. ಸರಪಳಿ ಹಾಕಿದವನಲ್ಲ ನಾನು ಅದಕ್ಕೆ. ಅವತ್ತು ಹಾಕಿ ಎಳೆದುಕೊಂಡು ಬಂದೆ.